ಮಾತ್ರೆ ಅದೇ, ಮನಸ್ಸು ಯಾಕೆ ಮತ್ತೆ ಹೀಗೆ?

ಎಸಿಟಲೊಪ್ರಾಮ್ 10 ಮಿಲಿಗ್ರಾಂ, ರಾತ್ರಿ ಊಟ ಆದ್ಮೇಲೆ ಒಂದು. ಎರಡೂವರೆ ವರ್ಷ ಈ ಪುಟ್ಟ ಮಾತ್ರೆ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿತು. ಬೆಳಿಗ್ಗೆ ಏಳೋಕೆ ಆಗ್ತಿತ್ತು, ಆಫೀಸ್ ಕಾಲ್‌ನಲ್ಲಿ ಬಾಯಿ ಬಿಡೋಕೆ ಆಗ್ತಿತ್ತು, ಊಟ ರುಚಿಸ್ತಿತ್ತು. ಕಳೆದ ಮಳೆಗಾಲದ ಹೊತ್ತಿಗೆ ಇದೆಲ್ಲ ಒಂದೊಂದಾಗಿ ಕೈಬಿಡೋಕೆ ಶುರುವಾಯ್ತು. ಮಾತ್ರೆ ಅದೇ, ಡೋಸ್ ಅದೇ, ಒಂದು ದಿನವೂ ತಪ್ಪಿಸಿಲ್ಲ.

ಖಿನ್ನತೆಗೆ ಔಷಧಿ ತಗೊಳ್ಳೋ ಎಷ್ಟೋ ಜನರಿಗೆ ಈ ಘಟ್ಟ ಬರುತ್ತೆ. ನನಗಂತೂ ಮೊದಲನೇ ಸಲಕ್ಕಿಂತ ಈ ಸಲದ ಭಯವೇ ದೊಡ್ಡದಿತ್ತು. ಆಗ 'ಔಷಧಿ ಇದೆ' ಅನ್ನೋ ಧೈರ್ಯ ಇತ್ತು. ಆ ಔಷಧಿಯೇ ಕೈಕೊಟ್ಟರೆ ಮುಂದೇನು?

ಮನೆಯಲ್ಲಿ ಉತ್ತರ ರೆಡಿ ಇತ್ತು. ನಮ್ಮದು ದೇವನಹಳ್ಳಿ ತಾಲ್ಲೂಕಿನ ನಲ್ಲೂರು. "ದಿನಾ ನುಂಗಿ ನುಂಗಿ ಮೈಗೆ ಒಗ್ಗೋಗೈತೆ ಕಣಪ್ಪಾ, ಬಿಟ್ಬಿಡು" ಅಂದರು ಅಮ್ಮ. ಟೀಮಿನ ಗೆಳೆಯ ಇನ್ನೊಂದು ಕಡೆ ಎಳೆದ: "ಎರಡು ತಗೋ ಮಗಾ, ಸರಿಹೋಗುತ್ತೆ." ಎರಡನ್ನೂ ಮಾಡದೆ ಡಾಕ್ಟರ್ ಹತ್ರ ಹೋದೆ.

ಅಮ್ಮನ ಮಾತನ್ನು ತಳ್ಳಿಹಾಕೋ ಹಾಗಿಲ್ಲ. ಔಷಧಿಯ ಪರಿಣಾಮ ಕಾಲಕ್ರಮೇಣ ಕುಗ್ಗೋದಕ್ಕೆ ವೈದ್ಯರು 'ಟ್ಯಾಕಿಫಿಲ್ಯಾಕ್ಸಿಸ್' ಅಂತ ಹೆಸರೇ ಇಟ್ಟಿದ್ದಾರೆ. ಆದರೆ ನಿಜವಾಗಿ ಮೈ ಒಗ್ಗಿಹೋಗುತ್ತಾ, ಇಲ್ಲಾ ಕಾಯಿಲೆಯೇ ಮಾತ್ರೆಯನ್ನು ಮೀರಿ ಮರಳಿ ಬರುತ್ತಾ ಅನ್ನೋದರಲ್ಲಿ ಅವರಲ್ಲೇ ಒಮ್ಮತ ಇಲ್ಲ. 2021ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಪ್ರಕಟವಾಯ್ತು. ದೀರ್ಘಕಾಲ ಮಾತ್ರೆ ತಗೊಂಡು ಚೆನ್ನಾಗಿದ್ದ 478 ಜನರಲ್ಲಿ ಅರ್ಧದಷ್ಟು ಜನ ಅದನ್ನೇ ಮುಂದುವರಿಸಿದರು, ಉಳಿದವರಿಗೆ ನಿಧಾನವಾಗಿ ನಿಲ್ಲಿಸಿದರು. ಒಂದು ವರ್ಷದೊಳಗೆ, ನಿಲ್ಲಿಸಿದವರಲ್ಲಿ 100ಕ್ಕೆ 56 ಜನರಿಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲೂ 100ಕ್ಕೆ 39 ಜನರಿಗೆ! ಆ 39 ನೋಡಿ ನನಗೆ ವಿಚಿತ್ರ ಸಮಾಧಾನ ಆಯ್ತು. ನಾನೊಬ್ಬನೇ ಅಲ್ಲ ಅಂತ. ಎರಡರ ನಡುವಿನ ವ್ಯತ್ಯಾಸ ನೋಡಿದ್ಮೇಲೆ ಬಿಟ್ಬಿಡೋ ಯೋಚನೆಯೂ ಹೋಯ್ತು.

ಡಾಕ್ಟರ್ ಮಾತ್ರೆ ಬಗ್ಗೆ ಆಮೇಲೆ ಮಾತಾಡೋಣ ಅಂದರು. ಅವರು ಕೇಳಿದ್ದು ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದಾಗ ಕೇಳೋ ಪ್ರಶ್ನೆಯನ್ನೇ: ಈಚೆಗೆ ಏನು ಬದಲಾಯ್ತು? ಡೋಸ್ ತಪ್ಪುತ್ತಿದೆಯಾ? ಕುಡಿಯೋದು ಜಾಸ್ತಿಯಾಗಿದೆಯಾ? ಬೇರೆ ಯಾವುದಾದರೂ ಔಷಧಿ ಶುರುವಾಗಿದೆಯಾ? ಟಿಬಿಗೆ ಕೊಡೋ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡೋ ಕಾರ್ಬಮಜೆಪೀನ್ ಥರದವು ಲಿವರ್‌ನ ಕೆಲಸ ಚುರುಕು ಮಾಡಿ, ಖಿನ್ನತೆಯ ಕೆಲವು ಮಾತ್ರೆಗಳು ರಕ್ತದಲ್ಲಿ ಬೇಗ ಖಾಲಿಯಾಗೋ ಹಾಗೆ ಮಾಡುತ್ತವಂತೆ. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಮಂಕು, ನಿದ್ದೆ ಎಲ್ಲ ಥೇಟ್ ಖಿನ್ನತೆಯ ಹಾಗೇ ಇರುತ್ತೆ, ಹಾಗಾಗಿ ಟಿಎಸ್‌ಎಚ್ ಟೆಸ್ಟ್ ಬರೆದರು.

ಇನ್ನೆರಡು ಪ್ರಶ್ನೆ ನನಗೆ ಹೊಸದು. ಯಾವಾಗಲಾದರೂ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು ದಿನಗಟ್ಟಲೆ ಇತ್ತಾ ಅಂತ ಒಂದು. ಇದ್ದರೆ ಅದು ಬೈಪೋಲಾರ್ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಇನ್ನೊಂದು: "ದುಃಖ ಆಗ್ತಿದೆಯಾ, ಇಲ್ಲಾ ಏನೂ ಅನ್ನಿಸ್ತಾನೇ ಇಲ್ವಾ?" ಅಳುವೂ ಬರದೆ ನಗುವೂ ಬರದೆ ಮನಸ್ಸು ಮರಗಟ್ಟಿದ ಹಾಗಿದ್ದರೆ ಅದು ಮಾತ್ರೆಯ ಅಡ್ಡಪರಿಣಾಮವೂ ಇರಬಹುದು. ಆಗ ಡೋಸ್ ಏರಿಸಿದರೆ ಅದು ಇನ್ನೂ ಹೆಚ್ಚಾಗಬಹುದು. ಗೆಳೆಯನ ಸಲಹೆ ನೆನಪಾಗಿ ಬೆನ್ನು ತಣ್ಣಗಾಯ್ತು.

ನನ್ನ ಟಿಎಸ್‌ಎಚ್ ನಾರ್ಮಲ್ ಬಂತು. ನನ್ನದು ಖಿನ್ನತೆಯೇ ಮರಳಿದ್ದು. ಬದಲಾಗಿದ್ದು ಮಾತ್ರ ಕಣ್ಣೆದುರೇ ಇತ್ತು. ಏಪ್ರಿಲ್‌ನಿಂದ ಕಂಪನಿ ನಮ್ಮ ಟೀಮನ್ನು ಅಮೆರಿಕದ ಟೈಮಿಗೆ ಹಾಕಿತ್ತು. ಮಲಗೋದು ಬೆಳಗಿನ ಜಾವ ಮೂರಕ್ಕೆ, ಏಳು ಗಂಟೆಗೆ ಮನೆಯ ಗಲಾಟೆಗೆ ಎಚ್ಚರ. ಡಾಕ್ಟರ್ ಡೋಸನ್ನು 15ಕ್ಕೆ ಏರಿಸಿದರು, ವಾರಕ್ಕೊಂದು ಕೌನ್ಸೆಲಿಂಗ್ ಬರೆದರು, ಶಿಫ್ಟ್ ಬದಲಿಸಲು ಪತ್ರ ಕೊಟ್ಟರು. ಇದರಿಂದ ಆಗದಿದ್ದರೆ ಬೇರೆ ಮಾತ್ರೆಗೆ ಬದಲಾಯಿಸೋದು ಇದೆ, ಜೊತೆಗೆ ಇನ್ನೊಂದು ಸೇರಿಸೋದೂ ಇದೆ ಅಂದರು. ಪತ್ರ ನೋಡೋಕೆ ಎಚ್‌ಆರ್‌ಗೆ ಆರು ವಾರ ಬೇಕಾಯ್ತು, ಅದು ಬೇರೆ ಕಥೆ.

ಸಂಜೆ ಬೆಳಕಿರುವಾಗ ನಡೀರಿ ಅಂದಿದ್ದಕ್ಕೆ ಹುಣಸೆ ತೋಪಿನ ತನಕ ಹೋಗ್ತೀನಿ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ತೋಪು. ಅಲ್ಲಿ ಒಬ್ಬನೇ ಓಡಾಡೋ ಹುಡುಗನ ಮೇಲೆ ಮಾತ್ರ ಊರಿಗೆ ಅನುಮಾನ. ಎರಡು ತಿಂಗಳಾದ ಮೇಲೆ ಸುಮಾರು ವಾಸಿ. ಪೂರ್ತಿ ಅಲ್ಲ.

ನಿಮಗೂ ಹೀಗಾಗಿದ್ದರೆ ದಯವಿಟ್ಟು ತಟ್ಟನೆ ನಿಲ್ಲಿಸಬೇಡಿ. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಅನ್ನಿಸೋದು, ಸಿಡಿಮಿಡಿ ಕೆಲವೇ ದಿನದಲ್ಲಿ ಶುರುವಾಗಬಹುದು. ಎರಡು ವಾರ ನಿದ್ದೆ, ಮೂಡು, ಮಾತ್ರೆಯ ಟೈಮು ಮೊಬೈಲಲ್ಲಿ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಸಾಯೋ ಯೋಚನೆ ಬರ್ತಿದ್ದರೆ ಎರಡು ವಾರ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಮನೆಯವರಿಗೂ ಹೇಳಿ.

ನನ್ನ ಮುಂದಿನ ಅಪಾಯಿಂಟ್‌ಮೆಂಟ್ ಬರೋ ತಿಂಗಳು. ಇನ್ನೆಷ್ಟು ವರ್ಷ ಅಂತ ಕೇಳೋಕೆ ಅಮ್ಮನೂ ಬರ್ತಾರಂತೆ.