ಹೆಬ್ಬೆಟ್ಟು ಒತ್ತುವ ಮುನ್ನ ಕೇಳಿ ತಿಳಿಯಿರಿ



ವಾಲ್ಪಾರೈಯಿಂದ 40 ಹೇರ್‌ಪಿನ್ ತಿರುವು ಇಳಿದು, ದಿನದ ಕೂಲಿ ಬಿಟ್ಟು ಕೊಯಮತ್ತೂರಿನ ದೊಡ್ಡಾಸ್ಪತ್ರೆಗೆ ಹೋದವರು, "ಎದೆಯೊಳಗೆ ಕೊಳವೆ ಬಿಡುತ್ತಾರಂತೆ" ಎಂದು ಕೇಳಿದೊಡನೆ ಬಸ್ಸು ಹತ್ತಿ ಹಿಂದಿರುಗುವುದುಂಟು. ಉಸಿರು ಕಟ್ಟುತ್ತದೆ, ಎದೆ ಕೊಯ್ಯುತ್ತಾರೆ, ಕೊಳವೆ ಬಿಟ್ಟರೆ ಕ್ಯಾನ್ಸರೇ ಸರಿ ಎಂದು ಲೈನು ಮನೆಗಳಲ್ಲಿ ಮಾತು. ಮೂರೂ ಸುಳ್ಳು.

ಈ ಪರೀಕ್ಷೆಯ ಹೆಸರು ಬ್ರಾಂಕೋಸ್ಕೋಪಿ. 1897ರಲ್ಲಿ ಜರ್ಮನಿಯ ವೈದ್ಯ ಗುಸ್ತಾವ್ ಕಿಲಿಯನ್ ಒಬ್ಬ ರೈತನ ಶ್ವಾಸನಾಳದಲ್ಲಿ ಸಿಕ್ಕಿದ್ದ ಮೂಳೆಯ ಚೂರನ್ನು ನೆಟ್ಟಗಿನ ಲೋಹದ ಕೊಳವೆಯ ಮೂಲಕ ತೆಗೆದರು. ಕಡಲೆಕಾಯಿ ಬೀಜ ಶ್ವಾಸನಾಳಕ್ಕೆ ಹೋದ ಮಗುವಿಗೆ ಇಂದಿಗೂ ಅಂಥದೇ ಕೊಳವೆ ಬಳಸುವುದುಂಟು. ಆಗ ಪೂರ್ತಿ ಮತ್ತು ಬರಿಸುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ಬಳಸುವುದು ಪೆನ್ಸಿಲಿಗಿಂತ ಸಣ್ಣದಾದ, ಬಾಗುವ ಕೊಳವೆ. ಅದನ್ನು 1960ರ ದಶಕದಲ್ಲಿ ರೂಪಿಸಿದವರು ಜಪಾನಿನ ಶಿಗೆಟೊ ಇಕೆಡಾ.

ಕ್ಷಯದ ಸಂಶಯವಿದ್ದರೆ ಮೊದಲು ಕಫ ನೋಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕಫ ಬಾರದಿದ್ದಾಗ, ಅಥವಾ ಎಕ್ಸ್‌ರೇಯಲ್ಲಿ ಕಂಡ ಕಲೆ ಏನೆಂದು ತಿಳಿಯದಾಗ, ಒಳಗೇ ನೋಡಬೇಕಾಗುತ್ತದೆ. ಗಂಟಲು ಮರಗಟ್ಟುವ ಮದ್ದು ಸಿಂಪಡಿಸಿ, ಮಂಪರು ಬರಲು ಸೂಜಿ ಹಾಕಿ, ಮೂಗಿನಿಂದಲೋ ಬಾಯಿಂದಲೋ ಕೊಳವೆ ಇಳಿಸುತ್ತಾರೆ. ಕೆಮ್ಮು ಬರುತ್ತದೆ, ಮಾತಾಡಲಾಗದು. ಆದರೆ ಕೊಳವೆಯ ಸುತ್ತ ಗಾಳಿ ಆಡುತ್ತಲೇ ಇರುತ್ತದೆ. ಬೇಕಾದರೆ ನೀರು ಬಿಟ್ಟು ತೊಳೆದು ಹೀರಿಕೊಳ್ಳುತ್ತಾರೆ, ಅಥವಾ ಕಾಳಿನಷ್ಟೂ ಇಲ್ಲದ ಚೂರು ಕಿತ್ತು ಪರೀಕ್ಷೆಗೆ ಕಳುಹಿಸುತ್ತಾರೆ.

ಒಪ್ಪಿಗೆಯ ಕಾಗದ ಬಹಳ ಸಲ ಇಂಗ್ಲಿಷಿನಲ್ಲಿರುತ್ತದೆ. ಹೆಬ್ಬೆಟ್ಟಿಗೆ ಮಸಿ ಹಚ್ಚಲು ತೋರಿಸುವ ಅವಸರ ವಿವರಿಸುವುದರಲ್ಲಿ ಕಾಣದು! ಏಕೆ ಈ ಪರೀಕ್ಷೆ, ಚೂರು ತೆಗೆಯುತ್ತೀರಾ, ಅಪಾಯವೇನು, ಫಲಿತಾಂಶ ಯಾವಾಗ ಎಂದು ಕೇಳಿ. ಕೇಳುವುದು ಅವಿಧೇಯತೆಯಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಉಬ್ಬಸ, ಹೃದಯದ ಕಾಯಿಲೆ, ಅಲುಗುವ ಹಲ್ಲು ಇದ್ದರೆ ತಪ್ಪದೆ ಹೇಳಿ. ಕೆಲಸವನ್ನೂ ಹೇಳಿ: ಟೀ ಫ್ಯಾಕ್ಟರಿಯ ಧೂಳು, ಮದ್ದು ಹೊಡೆಯುವುದು, ತಿರುಪ್ಪೂರಿನ ಮಿಲ್ಲಿಗೆ ಹೋದ ಮಕ್ಕಳಾದರೆ ಹತ್ತಿಯ ಧೂಳು. ಧೂಳಿನ ಕಾಯಿಲೆಯನ್ನು ಬೀಡಿಯ ಲೆಕ್ಕಕ್ಕೆ ಬರೆದರೆ ನಷ್ಟ ಕೆಲಸಗಾರನಿಗೇ.

ಡಾಕ್ಟರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 6 ಗಂಟೆ, ಹೊಟ್ಟೆ ಖಾಲಿ ಇರಬೇಕು. ಮುಗಿದ ಮೇಲೂ ಗಂಟಲಿನ ಮರಗಟ್ಟುವಿಕೆ ಇಳಿಯುವವರೆಗೆ ಕಾಫಿ ಕೂಡ ಬೇಡ. ಅದು ಶ್ವಾಸನಾಳಕ್ಕೆ ಇಳಿದೀತು. ಗಂಟಲು ನೋವು, ಉಗುಳಿನಲ್ಲಿ ಒಂದಿಷ್ಟು ರಕ್ತ ಸಹಜ. ಹೆಚ್ಚು ರಕ್ತ, ಎದೆನೋವು, ಉಸಿರಾಟದ ಕಷ್ಟ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಂಪರಿನಲ್ಲಿ ಒಬ್ಬರೇ ಘಾಟಿ ಹತ್ತಬಾರದು. ಜೊತೆಗೆ ಬರುವವರಿಲ್ಲದಿದ್ದರೆ ಹಿಂದಿನ ದಿನವೇ ಸಂಘಕ್ಕೆ ತಿಳಿಸಿ.