ಭಾವಿ ಮುಖ್ಯ ಶಿಕ್ಷಕರಿಗೆ ಜೊತೆಗಿದ್ದು ಕಲಿಯುವ ಅವಕಾಶ ಕೋರಿ ಮನವಿ

ಗೆ,
ಮಾನ್ಯ ಉಪನಿರ್ದೇಶಕರು (ಆಡಳಿತ),
ಶಾಲಾ ಶಿಕ್ಷಣ ಇಲಾಖೆ, ಮಂಡ್ಯ.
ಪ್ರತಿ: ಪ್ರಾಂಶುಪಾಲರು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಮಂಡ್ಯ, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಮದ್ದೂರು ಮತ್ತು ಮಳವಳ್ಳಿ.

ಮಾನ್ಯರೆ,

ಬಿ.ಇಡಿ. ವಿದ್ಯಾರ್ಥಿಗಳು ಕನಿಷ್ಠ 20 ವಾರ ಶಾಲೆಯಲ್ಲಿದ್ದು ಕಲಿಯಬೇಕೆಂದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಹೇಳುತ್ತದೆ. ಅದೇ ಶಿಕ್ಷಕರು ವರ್ಷಗಳ ಬಳಿಕ ಬಡ್ತಿ ಪಡೆದು ಇಡೀ ಶಾಲೆಯನ್ನು ವಹಿಸಿಕೊಳ್ಳುವಾಗ? ಆದೇಶ ಬರುತ್ತದೆ, ಚಾರ್ಜ್ ಪಟ್ಟಿಗೆ ಸಹಿ ಬೀಳುತ್ತದೆ, ಬೀರುವಿನ ಬೀಗದ ಕೈ ಕೈಗೆ ಸೇರುತ್ತದೆ. ಪ್ರಭಾರವಾದರಂತೂ ಎಲ್ಲವೂ ಒಂದೇ ಮಧ್ಯಾಹ್ನದ ಕೆಲಸ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸರ್ಕಾರಿ ಶಾಲಾ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಕೇಳುತ್ತಿರುವುದು ಹೊಸ ಹುದ್ದೆಯನ್ನಲ್ಲ, ಹೊಸ ಕಟ್ಟಡವನ್ನಲ್ಲ. ಬೀಗದ ಕೈ ಸಿಗುವ ಮೊದಲು ಒಬ್ಬ ಅನುಭವಿ ಮುಖ್ಯ ಶಿಕ್ಷಕರ ಪಕ್ಕದಲ್ಲಿ ಕೂತು ಕೆಲಸ ನೋಡುವ ಅವಕಾಶವನ್ನು.

ಮೊದಲ ವಾರದಲ್ಲೇ ಮೇಜಿನ ಮೇಲೆ ಬಂದು ಬೀಳುವುದೇನು ಕಡಿಮೆಯೇ? ಎಸ್‌ಎಟಿಎಸ್ ದಾಖಲಾತಿ, ಯು-ಡೈಸ್ ಮಾಹಿತಿ, ಅಕ್ಷರ ದಾಸೋಹದ ಅಕ್ಕಿ-ಬೇಳೆಯ ದಾಸ್ತಾನು ವಹಿ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿನ ಪುಡಿ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಎಸ್‌ಡಿಎಂಸಿ ಜಂಟಿ ಖಾತೆ, ಟಿ.ಸಿ.ಗಾಗಿ ಬಾಗಿಲಲ್ಲಿ ನಿಂತ ಪೋಷಕರು, ಮಾಹಿತಿ ಹಕ್ಕಿನ ಅರ್ಜಿ. ಇವನ್ನಾದರೂ ಸುತ್ತೋಲೆ ಓದಿ, ನಾಲ್ಕು ಜನರನ್ನು ಕೇಳಿ ಕಲಿಯಬಹುದು. ಸುತ್ತೋಲೆಯಲ್ಲಿ ಸಿಗದ ಸಂಗತಿಗಳೇ ಕಷ್ಟ. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿದ್ದ ಗೆಳೆಯರಿಗೆ ‘ತಡವಾಗಿ ಬರಬೇಡಿ’ ಎನ್ನುವುದು ಹೇಗೆ? ಊರಿನ ಎರಡು ಬಣಗಳ ನಡುವೆ ಕೂತು ಸಭೆಯ ನಿರ್ಣಯ ಬರೆಸುವುದು ಹೇಗೆ? ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದ ಕುಟುಂಬದ ಹತ್ತು ವರ್ಷದ ಮಗು ನಡುವರ್ಷದಲ್ಲಿ ಶಾಲೆಗೆ ಬಂದಿದೆ ಎನ್ನಿ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, ಸರಿ. ಅಕ್ಷರವೇ ಬಾರದ ಆ ಮಗುವನ್ನು ಐದನೆಯ ತರಗತಿಯಲ್ಲಿ ಕೂರಿಸಿದ ಮೇಲೆ ಯಾವ ಶಿಕ್ಷಕರಿಗೆ ಒಪ್ಪಿಸಬೇಕು, ಯಾವ ಹೊತ್ತಿನಲ್ಲಿ ಬೇರೆಯಾಗಿ ಕಲಿಸಬೇಕು, ಕಟಾವು ಮುಗಿದು ಹೊರಟಾಗ ಯಾವ ದಾಖಲೆ ಕೊಟ್ಟು ಕಳಿಸಬೇಕು ಎಂಬುದು ಅಂಥದ್ದನ್ನು ನಿಭಾಯಿಸಿದವರ ಜೊತೆಗಿದ್ದರೆ ಬೇಗ ತಿಳಿಯುತ್ತದೆ.

ತರಬೇತಿಯೇ ಇಲ್ಲವೆಂದು ಮನವಿದಾರರು ಹೇಳುತ್ತಿಲ್ಲ. ದೆಹಲಿಯಲ್ಲಿ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ 2012ರಲ್ಲೇ ಆರಂಭವಾಗಿದೆ, ಧಾರವಾಡದಲ್ಲಿ ರಾಜ್ಯದ ಶಾಲಾ ನಾಯಕತ್ವ ಸಂಸ್ಥೆ ಸಿಸ್ಲೆಪ್ ಇದೆ, ಶಾಲಾ ಮುಖ್ಯಸ್ಥರಿಗೆ ವರ್ಷಕ್ಕೆ 50 ಗಂಟೆ ಅಥವಾ ಹೆಚ್ಚಿನ ವೃತ್ತಿಪರ ಕಲಿಕೆ ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಆದರೆ ಇದೆಲ್ಲ ಕುರ್ಚಿಯಲ್ಲಿ ಕೂತವರಿಗೆ. ಸಿಂಗಪುರದಲ್ಲಿ ಪ್ರಾಂಶುಪಾಲರಾಗಲು ಆಯ್ಕೆಯಾದವರು ಮೊದಲು ಆರು ತಿಂಗಳ ಪೂರ್ಣಾವಧಿ ತಯಾರಿಗೆ ಹೋಗುತ್ತಾರೆ. ಆ ಏರ್ಪಾಡು 2001ರಿಂದ ನಡೆದಿದೆ.

ಸಿಂಗಪುರ ನಮಗೆ ದೂರವಾಯಿತೆಂದರೆ ಎಚ್.ಡಿ. ಕೋಟೆ ಪಕ್ಕದಲ್ಲೇ ಇದೆ. 1995ರಲ್ಲಿ ಆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಲಿಕೆ ನಡೆಯುವುದನ್ನು ಕಣ್ಣಾರೆ ಕಂಡು ಬಂದರು. ಮರಳಿ ತಮ್ಮದೇ ಕಲಿಕಾ ಕಾರ್ಡುಗಳನ್ನು ತಯಾರಿಸಿದರು. ಇಂದು ರಾಜ್ಯದ ಸರ್ಕಾರಿ ಶಾಲೆಗಳಲ್ಲಿರುವ ನಲಿ-ಕಲಿ ಹುಟ್ಟಿದ್ದು ಹಾಗೆ. ಶಿಕ್ಷಕರು ಶಿಕ್ಷಕರಿಂದ ನೋಡಿ ಕಲಿಯುವುದು ಈ ಇಲಾಖೆಗೆ ಹೊಸದಲ್ಲ. ಮುಖ್ಯ ಶಿಕ್ಷಕರ ಕೊಠಡಿಯವರೆಗೆ ಅದು ಬಂದಿಲ್ಲ, ಅಷ್ಟೆ.

ಆದ್ದರಿಂದ ಮೊದಲ ಬೇಡಿಕೆ: ಜ್ಯೇಷ್ಠತಾ ಪಟ್ಟಿಯಲ್ಲಿ ಬಡ್ತಿಯ ಹೊಸ್ತಿಲಲ್ಲಿರುವವರನ್ನು ಓಓಡಿ (ಅನ್ಯ ಕರ್ತವ್ಯ) ಸೌಲಭ್ಯದೊಂದಿಗೆ ಮಾರ್ಗದರ್ಶಿ ಮುಖ್ಯ ಶಿಕ್ಷಕರ ಜೊತೆ ಕೆಲಸಕ್ಕೆ ಹಾಕಬೇಕು. ಬಿಡಿ ದಿನಗಳಲ್ಲಲ್ಲ. ಜೂನ್‌ನ ದಾಖಲಾತಿ ಹೊತ್ತಿನಲ್ಲಿ ಒಂದು ವಾರ, ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿನಲ್ಲಿ ಒಂದು ವಾರ, ಮಾರ್ಚ್ ಲೆಕ್ಕ ಮುಗಿಸುವಾಗ ಇನ್ನೊಂದು. ಬಡ್ತಿಯ ಸ್ಥಳ ಕೌನ್ಸೆಲಿಂಗ್‌ನಲ್ಲಿ ನಿರ್ಧಾರವಾಗುವುದರಿಂದ ನೋಡಿ ಕಲಿತ ಶಾಲೆಯೇ ಸಿಗಬೇಕೆಂಬ ಹಟ ಯಾರಿಗೂ ಇಲ್ಲ.

ಪ್ರಭಾರದವರನ್ನೂ ಇದರಲ್ಲಿ ಸೇರಿಸಬೇಕು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರಷ್ಟೇ ಮುಖ್ಯ ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. ಹಲಗೂರಿನ ಆಚೆ ಮುತ್ತತ್ತಿ ಕಾಡಿನ ಕಡೆಯ ಊರುಗಳಲ್ಲಿ ಅಷ್ಟು ಮಕ್ಕಳನ್ನು ಎಲ್ಲಿಂದ ತರುವುದು? ಅಂಥ ಕಡೆ ಪಾಠ ಮಾಡುವವರೇ ಬಿಸಿಯೂಟದ ಲೆಕ್ಕ ಬರೆಯುವವರೂ ಹೌದು. ಅವರಿಗೆ ಅದೇ ಕ್ಲಸ್ಟರಿನ ಮಾರ್ಗದರ್ಶಿ ಸಿಗಲಿ. ಎರಡು ಬಸ್ಸು ಬದಲಿಸಿ ಮಂಡ್ಯಕ್ಕೆ ಬರುವಂತಾದರೆ ಶಿಕ್ಷಕಿಯರಿಗೆ ಅದು ಮತ್ತೊಂದು ಹೊರೆ.

ಇನ್ನು ನಿವೃತ್ತಿ. ಯಾರು ಯಾವ ತಿಂಗಳು 60 ತುಂಬುತ್ತಾರೆಂಬುದು ಸೇವಾ ಪುಸ್ತಕದಲ್ಲೇ ಇರುತ್ತದೆ, ಅದೇನೂ ಆಕಸ್ಮಿಕವಲ್ಲ. ನಿವೃತ್ತರಾಗುವವರ ಕೊನೆಯ ಒಂದು ತಿಂಗಳು, ಪ್ರಭಾರ ವಹಿಸಲಿರುವವರು ಜೊತೆಗೇ ಕೂರುವಂತೆ ಮುಂಚಿತವಾಗಿ ಆದೇಶವಾಗಲಿ.

ಮಾರ್ಗದರ್ಶಿ ತಪಾಸಣಾಧಿಕಾರಿ ಆಗಕೂಡದು ಎಂಬುದರಲ್ಲಿ ಮನವಿದಾರರು ಬಿಗಿಯಾಗಿದ್ದಾರೆ. ಹೊಸಬರು ‘ನನಗೆ ಇದು ಗೊತ್ತಿಲ್ಲ’ ಎಂದು ಹೇಳಿಕೊಂಡ ಮಾತು ಕಾರ್ಯನಿರ್ವಹಣಾ ವರದಿಗೆ ಹೋಗುವುದಾದರೆ ಮರುದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ಈ ಒಡನಾಟ ಹುದ್ದೆಗೆ ಬಂದ ಮೊದಲ ವರ್ಷವೂ ಮುಂದುವರಿಯಬೇಕು.

ಹೀಗೆ ಕಲಿಯಲು ಹೋದವರ ತರಗತಿಯ ಗತಿ ಏನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರನ್ನು ಒಂದು ವಾರ ಕಳಿಸುವುದು ಮಕ್ಕಳಿಗೆ ನಷ್ಟ. ಅಲ್ಲಿ ಅತಿಥಿ ಶಿಕ್ಷಕರನ್ನು ಕೊಡಬೇಕು, ಆಗದಿದ್ದರೆ ಮಾರ್ಗದರ್ಶಿಯೇ ಆ ಶಾಲೆಗೆ ಹೋಗಬೇಕು.

ಮೂರೂ ತಾಲ್ಲೂಕುಗಳಲ್ಲಿ ತಲಾ ಒಂದು ಕ್ಲಸ್ಟರಿನಲ್ಲಿ ಬರುವ ಜೂನ್‌ನಿಂದ ಇದನ್ನು ಪ್ರಾಯೋಗಿಕವಾಗಿ ಆರಂಭಿಸಿ, ವರ್ಷದ ಕೊನೆಗೆ ಡಯಟ್ ಮೂಲಕ ಪರಿಶೀಲಿಸಬೇಕೆಂದೂ, ಅದಕ್ಕೆ ಮುನ್ನ ಮನವಿದಾರರೊಂದಿಗೆ ಚರ್ಚೆಗೆ ದಿನಾಂಕ ಗೊತ್ತುಪಡಿಸಬೇಕೆಂದೂ ಕೋರಲಾಗಿದೆ.

ಇಂತಿ,
ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಮನವಿದಾರರು