ಹಬ್ಬ ಒಬ್ಬರದು, ಕೂಲಿ ಇನ್ನೊಬ್ಬರದು: ಗುಜರಾತ್‌ನ 3 ನಗರಗಳು ಹೇಳುವ ರಜೆಯ ಲೆಕ್ಕ

ಹಬ್ಬ ಹತ್ತಿರ ಬಂದಾಗ ಸುದ್ದಿಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಆ ದಿನ ಬೆಳಗಿನ ಪಾಳಿಗೆ ಯಾರು? ಮುದ್ರಿತ ಪತ್ರಿಕೆಗಳಿಗೆ ಯುಗಾದಿ, ಆಯುಧಪೂಜೆ, ದೀಪಾವಳಿಯಂತಹ ಕೆಲವು ದಿನಗಳಲ್ಲಾದರೂ ಬಿಡುವಿದೆ, ಮರುದಿನ ಸಂಚಿಕೆ ಇರುವುದಿಲ್ಲ. ವೆಬ್‌ಸೈಟ್‌ಗಳಿಗೆ ಆ ಭಾಗ್ಯವಿಲ್ಲ. ಕೊನೆಗೆ ಎಲ್ಲರೂ ನೋಡುವುದು ಆ ಹಬ್ಬ ಆಚರಿಸದ ಸಹೋದ್ಯೋಗಿಯ ಕಡೆಗೆ. 'ನಿಮಗೆ ಹೇಗೂ ಹಬ್ಬ ಇಲ್ವಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ' ಎಂಬ ಮಾತಿನಲ್ಲಿ ದ್ವೇಷವೇನೂ ಇಲ್ಲ. ಆದರೆ ಆ ಅಡ್ಜಸ್ಟ್‌ಮೆಂಟಿನ ಬೆಲೆ ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಹಬ್ಬ ಆಚರಿಸದವರು ಎಂದರೆ ಬೇರೆ ಧರ್ಮದವರು ಮಾತ್ರವಲ್ಲ. ದೇವರನ್ನು ನಂಬದವರಿರಬಹುದು, ಬೇರೆ ರಾಜ್ಯದಿಂದ ಬಂದವರಿರಬಹುದು, ಆ ವರ್ಷ ಮನೆಯಲ್ಲಿ ಸಾವಾಗಿ ಹಬ್ಬ ಬಿಟ್ಟವರೂ ಇರಬಹುದು. ಇವರೆಲ್ಲರ ಬದುಕಿನಲ್ಲಿ ಸರ್ಕಾರಿ ರಜೆ ಏನು ಮಾಡುತ್ತದೆ? ಹಬ್ಬಕ್ಕೆ ಊರಿಗೆ ಊರೇ ಬಾಗಿಲು ಹಾಕುವ ಗುಜರಾತ್‌ನಲ್ಲಿ ಇದರ ಉತ್ತರ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಸೂರತ್: ಮಗ್ಗ ನಿಂತರೆ ಕೂಲಿಯೂ ನಿಂತಿತು

ನಮ್ಮ ಬಲಿಪಾಡ್ಯಮಿಯ ದಿನವೇ ಗುಜರಾತಿಗಳ ಹೊಸ ವರ್ಷ, ಅಂದರೆ 'ಬೆಸ್ತು ವರಸ್'. ವ್ಯಾಪಾರಿಗಳು ಮತ್ತೆ ಅಂಗಡಿ ತೆರೆದು ಹೊಸ ಲೆಕ್ಕದ ಪುಸ್ತಕ ಆರಂಭಿಸುವುದು ಸಾಮಾನ್ಯವಾಗಿ ಕಾರ್ತಿಕ ಶುದ್ಧ ಪಂಚಮಿಯ 'ಲಾಭ ಪಂಚಮಿ'ಯಂದು. ಸೂರತ್‌ನಲ್ಲಿ ಈ ಬಿಡುವು ಇನ್ನೂ ದೊಡ್ಡದು. ವಜ್ರ ಹೊಳಪು ಕೊಡುವ ಘಟಕಗಳು ವಾರಗಟ್ಟಲೆ ಮುಚ್ಚುತ್ತವೆ. ಸೌರಾಷ್ಟ್ರದಿಂದ ಬಂದ ವಜ್ರ ಕಾರ್ಮಿಕರು ಕುಟುಂಬ ಸಮೇತ ಊರಿಗೆ ಹೊರಡುತ್ತಾರೆ, ಅವರಿಗಾಗಿ ಹೆಚ್ಚುವರಿ ಬಸ್‌ಗಳು ಓಡುತ್ತವೆ.

ಇದೇ ನಗರದ ಪವರ್‌ಲೂಮ್‌ಗಳಲ್ಲಿ ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದ ದೊಡ್ಡ ಕಾರ್ಮಿಕ ವರ್ಗವಿದೆ. ಇಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳವಿಲ್ಲ, ನೇಯ್ದ ಬಟ್ಟೆಯ ಮೀಟರ್ ಲೆಕ್ಕದಲ್ಲಿ ಕೂಲಿ. ಬೆಸ್ತು ವರಸ್ ಇವರ ಹೊಸ ವರ್ಷವಲ್ಲ. ಆದರೆ ಮಾಲೀಕರು ಬಾಗಿಲು ಹಾಕಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ಕೋಣೆ ಬಾಡಿಗೆ, ಮೆಸ್ ಖರ್ಚು ಮಾತ್ರ ನಿಲ್ಲುವುದಿಲ್ಲ. ಹೀಗೆ ಒಬ್ಬರಿಗೆ ಹಬ್ಬದ ರಜೆಯಾದದ್ದು ಇನ್ನೊಬ್ಬರಿಗೆ ಕೆಲಸವಿಲ್ಲದ ವಾರವಾಗುತ್ತದೆ.

ರಜೆ ಎಂಬ ಪದವನ್ನು ಹಬ್ಬವಿಲ್ಲದಾಗಲೂ ಬಳಸಬಹುದು ಎಂದು ಇದೇ ನಗರ ತೋರಿಸಿದೆ. ವಿದೇಶಿ ಬೇಡಿಕೆ ಕುಸಿದಿದ್ದ 2024ರ ಆಗಸ್ಟ್‌ನಲ್ಲಿ ದೊಡ್ಡ ವಜ್ರ ಕಂಪನಿಯೊಂದು ತನ್ನ ಸುಮಾರು 50,000 ಕಾರ್ಮಿಕರಿಗೆ 10 ದಿನಗಳ ರಜೆ ಘೋಷಿಸಿತ್ತು. ಕಾರಣ ಪಂಚಾಂಗದಲ್ಲಿರಲಿಲ್ಲ, ಮಾರುಕಟ್ಟೆಯಲ್ಲಿತ್ತು.

ವಡೋದರಾ: ಯುಗಾದಿಗೆ ಕೆಲಸ, ಬೆಸ್ತು ವರಸ್‌ಗೆ ರಜೆ

ವಡೋದರಾಕ್ಕೂ ಕನ್ನಡಿಗರಿಗೂ ಒಂದು ಹೊಸ ನಂಟಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಈ ಬ್ಯಾಂಕ್ 1908ರಲ್ಲಿ ಸಯಾಜಿರಾವ್ ಗಾಯಕ್ವಾಡ್ ಅವರ ಆಶ್ರಯದಲ್ಲಿ ವಡೋದರಾದಲ್ಲೇ ಆರಂಭವಾದದ್ದು.

ಬ್ಯಾಂಕ್ ರಜೆಗಳನ್ನು ನಿರ್ಧರಿಸುವುದು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಅಡಿಯಲ್ಲಿ ಹೊರಡುವ ಅಧಿಸೂಚನೆ. ಇದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಅಂದರೆ ರಜೆ ಹೋಗುವುದು ಶಾಖೆ ಇರುವ ಊರಿನ ಜೊತೆಗೆ, ನೌಕರನ ಜೊತೆಗಲ್ಲ. ವರ್ಗಾವಣೆಯಾಗಿ ಹೋದ ಕನ್ನಡಿಗ ಅಧಿಕಾರಿಗೆ ಬೆಸ್ತು ವರಸ್‌ಗೆ ರಜೆ ಸಿಗುತ್ತದೆ. ಯುಗಾದಿಯ ದಿನ ಬೆಂಗಳೂರಿನ ಶಾಖೆ ಮುಚ್ಚಿದ್ದರೂ ಅವರು ಬೇವು-ಬೆಲ್ಲ ತಿಂದು ಕೌಂಟರ್ ಮುಂದೆ ಕೂರಬೇಕು.

ಇಂಥವರ ಬಳಿ ಸ್ವಂತ ರಜೆ ಹಾಕುವ ದಾರಿಯಾದರೂ ಇದೆ. ನಗರದಾಚೆಯ ಕೋಯಲಿ ತೈಲ ಸಂಸ್ಕರಣಾಗಾರವನ್ನು ನೋಡಿ. ಅಂಥ ಘಟಕಗಳು ಹಬ್ಬದ ದಿನವೂ ನಿಲ್ಲುವಂತಿಲ್ಲ. ಆಸ್ಪತ್ರೆ, ಅಗ್ನಿಶಾಮಕ ದಳ, 108 ಆಂಬುಲೆನ್ಸ್‌ಗಳದೂ ಇದೇ ಕಥೆ. ಅಲ್ಲಿ ಯಾರಾದರೊಬ್ಬರು ಇರಲೇಬೇಕು. ಆ ಒಬ್ಬರು ಪ್ರತಿ ವರ್ಷ ಅದೇ ವ್ಯಕ್ತಿ ಆಗುತ್ತಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

ಅಹಮದಾಬಾದ್: ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ 9 ದಿನಗಳು

ಇತರರ ಹಬ್ಬ ಎಲ್ಲರಿಗೂ ನಷ್ಟ ತರುವುದಿಲ್ಲ. ಜನವರಿ 14ರ ಉತ್ತರಾಯಣಕ್ಕೆ ಅಹಮದಾಬಾದ್‌ನ ಆಕಾಶ ತುಂಬುವ ಗಾಳಿಪಟಗಳಲ್ಲಿ ಅನೇಕವು ಜಮಾಲ್‌ಪುರದ ಮುಸ್ಲಿಂ ಕುಟುಂಬಗಳ ಕೈಕೆಲಸ. ತಿಂಗಳುಗಟ್ಟಲೆ ಕಾಗದ ಕತ್ತರಿಸಿ, ಬಿದಿರಿನ ಕಡ್ಡಿ ಅಂಟಿಸುವ ಅವರಿಗೆ ಆ ಹಬ್ಬವೇ ವರ್ಷದ ದುಡಿಮೆ.

ಆದರೆ ಇದೇ ನಗರದ ಇನ್ನೊಂದು ಪ್ರಕರಣ ಬೇರೆ ಮುಖವನ್ನು ತೋರಿಸುತ್ತದೆ. ಜೈನರ ಪರ್ಯೂಷಣ ಪರ್ವದ 9 ದಿನ ಕಸಾಯಿಖಾನೆಗಳನ್ನು ಮುಚ್ಚಬೇಕೆಂದು ಮಹಾನಗರ ಪಾಲಿಕೆ 1998 ಮತ್ತು 1999ರಲ್ಲಿ ನಿರ್ಣಯಿಸಿತ್ತು. ಮಾಂಸ ವ್ಯಾಪಾರಿಗಳ ಸಂಘಟನೆ ಇದನ್ನು ಪ್ರಶ್ನಿಸಿತು. ಹೈಕೋರ್ಟ್ ನಿರ್ಣಯಗಳನ್ನು ರದ್ದುಗೊಳಿಸಿದರೂ, 2008ರ ಮಾರ್ಚ್ 14ರಂದು ಸುಪ್ರೀಂ ಕೋರ್ಟ್ ಅವನ್ನು ಎತ್ತಿಹಿಡಿಯಿತು. ನಗರದಲ್ಲಿ ಜೈನರ ಸಂಖ್ಯೆ ದೊಡ್ಡದು, 9 ದಿನ ಅಲ್ಪಾವಧಿ, ಹಾಗಾಗಿ ನಿರ್ಬಂಧ ಸಮಂಜಸ ಎಂಬುದು ತೀರ್ಪಿನ ತಿರುಳು.

ಪರಸ್ಪರ ಗೌರವದ ದೃಷ್ಟಿಯಿಂದ ಈ ವಾದಕ್ಕೆ ತೂಕವಿದೆ. ಆದರೆ ದಿನದ ಸಂಪಾದನೆಯಲ್ಲಿ ಬದುಕುವವರಿಗೆ 9 ದಿನ ಸಣ್ಣ ಅವಧಿಯಲ್ಲ. ಬೆಂಗಳೂರಿನಲ್ಲೂ ಮಹಾವೀರ ಜಯಂತಿ, ಗಾಂಧಿ ಜಯಂತಿಯಂತಹ ದಿನಗಳಲ್ಲಿ ಮಾಂಸ ಮಾರಾಟ ನಿಷೇಧದ ಆದೇಶ ಹೊರಡುತ್ತದೆ. ನಮಗೆ ಅದು ಒಂದು ಸಾಲಿನ ಸುದ್ದಿ, ಅಂಗಡಿಯ ಹುಡುಗನಿಗೆ ಒಂದು ದಿನದ ಕೂಲಿ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಸರ್ಕಾರಿ ನೌಕರರಿಗೆ ವರ್ಷಕ್ಕೆ 2 ನಿರ್ಬಂಧಿತ ರಜೆಗಳಿವೆ. ಪಟ್ಟಿಯಿಂದ ತಮಗೆ ಬೇಕಾದ ಹಬ್ಬವನ್ನು ಆರಿಸಿಕೊಳ್ಳಬಹುದು. ಸಣ್ಣ ಸಮುದಾಯಗಳನ್ನು ನೆನೆಯುವ ಗುಣ ರಾಜ್ಯಗಳ ಪಟ್ಟಿಯಲ್ಲೂ ಇದೆ. ಗುಜರಾತ್‌ನಲ್ಲಿ ಪಾರ್ಸಿ ಹೊಸ ವರ್ಷಕ್ಕೂ ಸಾರ್ವಜನಿಕ ರಜೆ ಉಂಟು.

ಖಾಸಗಿ ವಲಯದ ವಿಷಯದಲ್ಲಿ ಕರ್ನಾಟಕದ ಬಳಿ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು 5 ಹಬ್ಬಗಳಿಗೆ ವೇತನ ಸಹಿತ ರಜೆ ಕೊಡಬೇಕು. ಆ ದಿನ ಕೆಲಸ ಮಾಡಿಸಿದರೆ ದುಪ್ಪಟ್ಟು ವೇತನ, ಇಲ್ಲವೇ ಆ ದಿನದ ವೇತನದ ಜೊತೆಗೆ ಇನ್ನೊಂದು ದಿನ ವೇತನ ಸಹಿತ ರಜೆ ಕೊಡಬೇಕು. ಗುಜರಾತ್‌ನ ಅಂಗಡಿ ಮತ್ತು ಸಂಸ್ಥೆಗಳ ಹೊಸ ಕಾಯ್ದೆ 2019ರ ಮೇ 1ರಿಂದ ಜಾರಿಗೆ ಬಂದು, ಅಂಗಡಿಗಳನ್ನು 24 ಗಂಟೆ ತೆರೆಯಲು ಅವಕಾಶ ಕೊಟ್ಟಿತು. ಆದರೆ 10ಕ್ಕಿಂತ ಕಡಿಮೆ ಕಾರ್ಮಿಕರಿರುವ ಅಂಗಡಿಗಳು ಆಗಲೇ ಅದರ ಬಹುತೇಕ ನಿಯಮಗಳಿಂದ ಹೊರಗುಳಿದವು. ರಕ್ಷಣೆ ಹೆಚ್ಚು ಬೇಕಾದ ಜಾಗವೇ ಅದು.

'ಒಂದು ದಿನ ತೆಗೆದುಕೊಂಡರೆ ಒಂದು ದಿನ ಕೊಡಬೇಕು' ಎಂಬ ತತ್ವ ನಮ್ಮ ವ್ಯವಸ್ಥೆಗೆ ಹೊಸದೇನಲ್ಲ. 2024ರಲ್ಲಿ ದೀಪಾವಳಿ ಅಕ್ಟೋಬರ್ 31ಕ್ಕೆ, ಬೆಸ್ತು ವರಸ್ ನವೆಂಬರ್ 2ಕ್ಕೆ ಬಂದಿತ್ತು. ನಡುವಿನ ನವೆಂಬರ್ 1ಕ್ಕೂ ಗುಜರಾತ್ ಸರ್ಕಾರ ರಜೆ ಕೊಟ್ಟು, ಬದಲಿಗೆ ನವೆಂಬರ್ 9ರ ಎರಡನೇ ಶನಿವಾರ ಕಚೇರಿ ತೆರೆಯಿತು. ಅಲ್ಲಿನ ಕನ್ನಡಿಗ ಸರ್ಕಾರಿ ನೌಕರರಿದ್ದರೆ ಅವರಿಗೆ ಕೇಳದೆಯೇ ರಾಜ್ಯೋತ್ಸವದ ರಜೆ ಸಿಕ್ಕಿತು! ಬಹುಸಂಖ್ಯಾತರಿಗೆ ಬೇಕಾದಾಗ ಇಷ್ಟು ಸುಲಭವಾಗುವ ಅದಲು-ಬದಲು, ಒಬ್ಬ ಕಾರ್ಮಿಕ ರಂಜಾನ್‌ಗೋ ಗುಡ್ ಫ್ರೈಡೇಗೋ ಕೇಳಿದಾಗ ಮ್ಯಾನೇಜರ್‌ನ ಮರ್ಜಿಯಾಗುತ್ತದೆ.

ಹಾಗಾದರೆ ಆಗಬೇಕಾದದ್ದೇನು?

ಹಬ್ಬದ ರಜೆಗಳನ್ನು ಕಡಿಮೆ ಮಾಡಬೇಕಿಲ್ಲ. ಇನ್ನಷ್ಟು ಹಬ್ಬಗಳನ್ನು ಪಟ್ಟಿಗೆ ಸೇರಿಸುವುದೂ ಪರಿಹಾರವಲ್ಲ. ಮೊದಲನೆಯದಾಗಿ, ಹಬ್ಬದ ಪಾಳಿಯನ್ನು ಬಾಯಿಮಾತಿನಲ್ಲಿ ಬಿಡದೆ ರೋಸ್ಟರ್‌ನಲ್ಲಿ ಬರೆಯಬೇಕು, ಬದಲಿ ರಜೆಯ ದಿನಾಂಕವೂ ಅದೇ ಹಾಳೆಯಲ್ಲಿರಬೇಕು. ಎರಡನೆಯದಾಗಿ, ಮಾಲೀಕರೇ ಬಾಗಿಲು ಹಾಕಿದ ದಿನಗಳಿಗೆ ಮೀಟರ್ ಲೆಕ್ಕದ ಕಾರ್ಮಿಕನಿಗೂ ಕನಿಷ್ಠ ಒಂದು ಪಾಲು ಕೂಲಿ ಸಿಗಬೇಕು. ಮೂರನೆಯದಾಗಿ, ಆಡಳಿತ ಒಂದು ವೃತ್ತಿಯನ್ನು ಕೆಲವು ದಿನ ನಿಲ್ಲಿಸುವುದಾದರೆ, ಆ ದಿನಗಳ ನಷ್ಟದ ಬಗ್ಗೆಯೂ ಆದೇಶದಲ್ಲೇ ಹೇಳಬೇಕು.

ಗುಜರಾತಿಗಳು ಹೊಸ ವರ್ಷಕ್ಕೆ ಹೇಳುವ ಶುಭಾಶಯ 'ಸಾಲ್ ಮುಬಾರಕ್'. ಪಾರ್ಸಿ, ಅರಬ್ಬಿ ಮೂಲದ ಪದಗಳನ್ನು ಹಿಂದೂ-ಜೈನ ವ್ಯಾಪಾರಿಗಳೂ ಪ್ರೀತಿಯಿಂದ ಆಡುತ್ತಾರೆ. ಹಬ್ಬದ ಮಾತು ಎಲ್ಲರಿಗೂ ಸೇರಿ ಎಷ್ಟೋ ಕಾಲವಾಗಿದೆ. ಹಬ್ಬದ ದಿನದ ಕೂಲಿಯ ಲೆಕ್ಕ ಮಾತ್ರ ಇನ್ನೂ ಎಲ್ಲರನ್ನೂ ಸೇರಿಸಿಕೊಂಡಿಲ್ಲ.